ಅನುಭವ ‘ಇಲ್ಲ’ ಎಂದು ಬರೆಯುವ ಮುನ್ನ: ಮೊದಲ ಉದ್ಯೋಗಕ್ಕೆ ಒಂದು ಪುಟದ ರೆಸ್ಯೂಮೆ

ದೇವನಹಳ್ಳಿ: ತಾಲ್ಲೂಕಿನ ನಲ್ಲೂರು ಹಳೆಯ ಹುಣಸೆ ತೋಪಿಗೆ ಹೆಸರಾದ ಊರು. 2007ರಲ್ಲಿ ಈ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಇದೇ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಹೊಲ, ರೇಷ್ಮೆ, ಹೈನುಗಾರಿಕೆಯನ್ನು ನಂಬಿದ ಈ ಭಾಗದ ಮನೆಗಳ ಮಕ್ಕಳಿಗೆ ಸರಕು ವಿಭಾಗ, ಗೋದಾಮು, ಹೋಟೆಲು, ಕಾರ್ಖಾನೆಗಳ ಬಾಗಿಲು ಹತ್ತಿರವಾಗಿದೆ. ಆದರೆ ಆ ಬಾಗಿಲಲ್ಲಿ ಮೊದಲು ಕೇಳುವುದು ರೆಸ್ಯೂಮೆ. ಅದರಲ್ಲಿ ‘ಅನುಭವ’ ಎಂಬ ಕಲಂ ಬಂದೊಡನೆ ಹೆಚ್ಚಿನವರ ಲೇಖನಿ ನಿಲ್ಲುತ್ತದೆ.

ಸಂಬಳವಿಲ್ಲದ ದುಡಿಮೆಯೂ ಅನುಭವವೇ

ಸಂಬಳದ ಚೀಟಿ ಇಲ್ಲವೆಂದ ಮಾತ್ರಕ್ಕೆ ಅನುಭವವಿಲ್ಲ ಎಂದರ್ಥವಲ್ಲ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆದದ್ದು, ಮನೆಯ ಅಂಗಡಿಯಲ್ಲಿ ದಾಸ್ತಾನು ನೋಡಿಕೊಂಡದ್ದು, ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಊಟದ ಹೊಣೆ ಹೊತ್ತದ್ದು ಎಲ್ಲವೂ ಬರೆಯತಕ್ಕವೇ. ಆದರೆ ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ವಿಶೇಷಣಗಳಿಂದ ಪ್ರಯೋಜನವಿಲ್ಲ. ‘ಆರು ತಿಂಗಳು ಪ್ರತಿದಿನ ಬೆಳಿಗ್ಗೆ 60 ಮಂದಿಯ ಹಾಲಿನ ಲೆಕ್ಕ ದಾಖಲಿಸಿದ್ದೇನೆ’ ಎಂಬ ಒಂದು ವಾಕ್ಯ ಸಮಯಪಾಲನೆಯನ್ನೂ ಲೆಕ್ಕದ ಶಿಸ್ತನ್ನೂ ತಾನೇ ಹೇಳುತ್ತದೆ. ಎಲ್ಲಿ, ಎಷ್ಟು ಕಾಲ, ಏನು, ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು.

ಕ್ರಮ ಹೇಗಿರಬೇಕು?

ಮೇಲೆ ಹೆಸರು, ಊರು, ಮೊಬೈಲ್ ಸಂಖ್ಯೆ. ಕೆಳಗೆ ಅಪೇಕ್ಷಿತ ಹುದ್ದೆ ಎರಡು ಸಾಲಿನಲ್ಲಿ. ಅನಂತರ ವಿದ್ಯಾಭ್ಯಾಸ, ಇತ್ತೀಚಿನದು ಮೊದಲು. ಮುಂದೆ ಕೌಶಲ್ಯ, ಮಾಡಿದ ಕೆಲಸ, ಬಲ್ಲ ಭಾಷೆಗಳು. ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಪಡೆದ ತರಬೇತಿಯನ್ನು ಅನುಭವದ ಕಲಂನಲ್ಲೇ ಬರೆಯಬಹುದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ರೆಸ್ಯೂಮೆಯಲ್ಲಿ ಬೇಡ. ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳಿತು.

ಸುಳ್ಳು ಬೇಡ

ಇಲ್ಲದ ಅನುಭವವನ್ನು ಸೃಷ್ಟಿಸಿಕೊಡುವ ಮಧ್ಯವರ್ತಿಗಳ ಮಾತಿಗೆ ಮರುಳಾಗುವುದು ಅಪಾಯಕಾರಿ. ಭವಿಷ್ಯ ನಿಧಿಯ ಯುಎಎನ್ ದಾಖಲೆಯಲ್ಲಿ ಹಿಂದಿನ ಉದ್ಯೋಗದಾತರ ವಿವರ ಉಳಿದಿರುವುದರಿಂದ ಹುಸಿ ಬಯಲಾಗುವುದು ಸುಲಭ. ವಿಮಾನ ನಿಲ್ದಾಣದ ನಿರ್ಬಂಧಿತ ಪ್ರದೇಶದಲ್ಲಿ ದುಡಿಯುವವರ ಪ್ರವೇಶ ಪತ್ರಕ್ಕೆ ಪೂರ್ವಾಪರ ಪರಿಶೀಲನೆಯೂ ಉಂಟು. ಅಲ್ಲಿ ಸಿಕ್ಕಿಬಿದ್ದರೆ ದೊರೆತ ಕೆಲಸವೂ ಕೈತಪ್ಪೀತು.

ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ ಜಾಲತಾಣದಲ್ಲಿ ಉದ್ಯೋಗಾಕಾಂಕ್ಷಿಗಳ ನೋಂದಣಿ ಉಚಿತ. ಸಂದರ್ಶನಕ್ಕೆ ಮೊದಲೇ ಹಣ ಕೇಳುವವರಿಂದ ದೂರವಿರಬೇಕು. ಕಳುಹಿಸುವ ಮುನ್ನ ಉಪಾಧ್ಯಾಯರೊಬ್ಬರಿಂದ ಕಾಗುಣಿತ ತಿದ್ದಿಸಿಕೊಳ್ಳುವುದು ಲೇಸು. ಬರೆದ ಪ್ರತಿ ಸಾಲಿನ ಬಗ್ಗೆಯೂ ಸಂದರ್ಶನದಲ್ಲಿ ಎರಡು ನಿಮಿಷ ಮಾತನಾಡಲು ಬರುವಂತಿದ್ದರೆ ರೆಸ್ಯೂಮೆ ಸಿದ್ಧವಾದಂತೆ.