ಪಕ್ಕದಲ್ಲಿ ಕೂರುವ ಕೆಲಸ: ಹೆರಿಗೆಯಲ್ಲಿ ಡೂಲಾ ಏನು ಮಾಡುತ್ತಾರೆ?

“ಡೂಲಾ ಅಂದ್ರೆ ಸೂಲಗಿತ್ತಿ ತಾನೇ?”

ಬೆಂಗಳೂರಿನ ಶಂಕರಪುರಂನಂಥ ಹಳೆಯ ಬಡಾವಣೆಯ ಮನೆಯಲ್ಲಿ ಈ ಹೊಸ ಪದ ಕಿವಿಗೆ ಬಿದ್ದರೆ ಅಜ್ಜಿ ಕೇಳುವ ಮೊದಲ ಪ್ರಶ್ನೆ ಇದು. ಅಲ್ಲ ಎನ್ನುವುದೇ ನೇರ ಉತ್ತರ. ಮಗುವನ್ನು ಕೈಗೆ ತೆಗೆದುಕೊಳ್ಳುವವಳು, ಹೊಕ್ಕುಳ ಬಳ್ಳಿ ಕತ್ತರಿಸುವವಳು ಸೂಲಗಿತ್ತಿ. ಡೂಲಾ ಇವೆರಡನ್ನೂ ಮಾಡುವುದಿಲ್ಲ. ಆದರೂ ಅಜ್ಜಿಯ ಪ್ರಶ್ನೆಯಲ್ಲಿ ಅರ್ಧ ನಿಜವಿದೆ. ಸೂಲಗಿತ್ತಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದಳು. ಒಂದು ಹೆರಿಗೆ ಮಾಡಿಸುವುದು, ಇನ್ನೊಂದು ಹೆರುವವಳ ಜೊತೆಗಿರುವುದು. ಮೊದಲನೆಯದನ್ನು ಡಾಕ್ಟರು, ನರ್ಸುಗಳು ವಹಿಸಿಕೊಂಡರು. ಎರಡನೆಯದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಹಾಗೆ ಬಿಟ್ಟುಹೋದ ಆ ಎರಡನೆಯ ಕೆಲಸವೇ ಡೂಲಾ ಮಾಡುವ ಕೆಲಸ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಅಜ್ಜಿಯಿಂದ ಕಲಿತ ವಿದ್ಯೆಯಿಂದ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದೂ ಕಾಸು ಮುಟ್ಟದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂಥವರು ಬಂದು ಕೂತರೆ ಮಗು ಹುಟ್ಟುವವರೆಗೂ ಏಳುತ್ತಿರಲಿಲ್ಲ. ಬೆನ್ನು ನೀವುವುದು, ಬಿಸಿನೀರು ಕಾಯಿಸಿ ಕೊಡುವುದು, “ಇನ್ನೇನು ಆಗೇಹೋಯ್ತು ಕಣವ್ವಾ” ಎಂದು ಧೈರ್ಯ ಹೇಳುವುದು, ಎಲ್ಲವೂ ಅವರ ವಿದ್ಯೆಗೇ ಸೇರಿದ್ದವು.

ಹೆರಿಗೆ ಆಸ್ಪತ್ರೆಗೆ ಹೋದದ್ದು ಒಳ್ಳೆಯದಕ್ಕೇ. ಶಂಕರಪುರಂನಿಂದ ಪಂಪ ಮಹಾಕವಿ ರಸ್ತೆ, ಮಕ್ಕಳ ಕೂಟ ದಾಟಿ ಕೋಟೆಯ ಕಡೆ ನಡೆದರೆ ಸಿಗುವ ವಾಣಿ ವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. ಇಂದು ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಿಂದೆ ರಕ್ತಸ್ರಾವಕ್ಕೆ, ನಂಜಿಗೆ ಬಲಿಯಾಗುತ್ತಿದ್ದ ಎಷ್ಟೋ ತಾಯಂದಿರು ಇದರಿಂದ ಉಳಿದಿದ್ದಾರೆ. ಆದರೆ ಲೇಬರ್ ವಾರ್ಡಿನಲ್ಲಿ ಒಬ್ಬ ನರ್ಸ್ ನಾಲ್ಕಾರು ಮಂಚಗಳನ್ನು ನೋಡಿಕೊಳ್ಳಬೇಕು, ಪಾಳಿ ಮುಗಿದರೆ ಹೊರಡಬೇಕು. ಡಾಕ್ಟರು ಬಂದು ನೋಡಿ ಹೋಗುತ್ತಾರೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಹತ್ತು ಹನ್ನೆರಡು ಗಂಟೆ ಒಬ್ಬಳ ಪಕ್ಕದಲ್ಲೇ ಕೂರುವ ಬಿಡುವು ಅವರಿಗಿಲ್ಲ, ಅಷ್ಟೆ.

ಜೊತೆಗಿದ್ದರೆ ಏನಾಗುತ್ತದೆ?

ಡೂಲಾ ಎನ್ನುವುದು ಗ್ರೀಕ್ ಮಾತು. ಸೇವಕಿ ಎಂದು ಅದರ ಅರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫಾಯೆಲ್ 1973ರಲ್ಲಿ ಎದೆಹಾಲಿನ ಬಗ್ಗೆ ಬರೆದ ಪುಸ್ತಕದಲ್ಲಿ, ಹೊಸ ತಾಯಿಗೆ ಒತ್ತಾಸೆಯಾಗಿ ನಿಲ್ಲುವ ಹೆಂಗಸಿಗೆ ಈ ಹೆಸರು ಕೊಟ್ಟರು. ಮುಂದೆ ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಎಂಬ ಮಕ್ಕಳ ವೈದ್ಯರ ತಂಡ ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಅಧ್ಯಯನ ನಡೆಸಿ, 1980ರಲ್ಲಿ ಫಲಿತಾಂಶ ಪ್ರಕಟಿಸಿತು. ಜೊತೆಗೆ ಒಬ್ಬ ಹೆಂಗಸು ಇದ್ದ ಗರ್ಭಿಣಿಯರ ಹೆರಿಗೆ ಬೇಗ ಆಗಿತ್ತು, ತೊಡಕುಗಳೂ ಕಡಿಮೆಯಾಗಿದ್ದವು. ಆ ಹೆಂಗಸು ಅವರಿಗೆ ಮೊದಲು ಪರಿಚಯದವಳೂ ಆಗಿರಲಿಲ್ಲ.

ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2017ರಲ್ಲಿ 17 ದೇಶಗಳ 26 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿತು. ಅವುಗಳಲ್ಲಿ 15,000ಕ್ಕೂ ಹೆಚ್ಚು ಹೆಂಗಸರಿದ್ದರು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದಾಗ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಸಿಸೇರಿಯನ್ ಸುಮಾರು ಕಾಲು ಭಾಗ ಇಳಿಯುತ್ತದೆ, ಬೇನೆಯ ಹೊತ್ತು ಸರಾಸರಿ 40 ನಿಮಿಷದಷ್ಟು ತಗ್ಗುತ್ತದೆ, ಹೆರಿಗೆಯನ್ನು ಕಹಿಯಾಗಿ ನೆನೆಯುವವರೂ ಕಡಿಮೆ ಎಂದು ಕಂಡುಬಂತು. ಸಿಸೇರಿಯನ್ ಇಳಿದದ್ದು ಡೂಲಾ ಇದ್ದ ಕಡೆಗಳಲ್ಲಿ ಹೆಚ್ಚು. ಈ ಪುರಾವೆಗಳೆಲ್ಲ ಒಂದೇ ಸಮ ಗಟ್ಟಿಯಲ್ಲ ಎಂದೂ ಅದೇ ವರದಿ ಹೇಳಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹೆರಿಗೆ ಮಾರ್ಗಸೂಚಿಯಲ್ಲಿ, ಪ್ರತಿ ಹೆಂಗಸಿಗೂ ಅವಳೇ ಆರಿಸಿಕೊಂಡ ಒಬ್ಬ ಜೊತೆಗಾರರು ಇರಲಿ ಎಂದಿತು. ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪಾಲು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹಿಂದಿನ ಸುತ್ತಿನಿಂದ 2019–21ರ ಸುತ್ತಿಗೆ ಶೇ. 23.6ರಿಂದ ಶೇ. 31.5ಕ್ಕೆ ಏರಿದೆ. ಹೀಗಿರುವಾಗ ಜೊತೆಗಾರರ ಬಗೆಗಿನ ಈ ಮಾತನ್ನು ನಾವು ಗಮನಿಸಬೇಕು.

ಇದರ ಹಿಂದೆ ಪವಾಡವೇನೂ ಇಲ್ಲ. ಗರ್ಭಕೋಶ ಬಿಗಿದು ಸಡಿಲಾಗಲು ಆಕ್ಸಿಟೋಸಿನ್ ಹಾರ್ಮೋನು ಹರಿಯಬೇಕು. ಹೆದರಿದ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಏರಿದರೆ ಬೇನೆ ಹಿಂದೆ ಸರಿಯಬಹುದು, ಮೈ ಬಿಗಿದು ನೋವು ಇಮ್ಮಡಿಯಾಗಬಹುದು. ಪರಿಚಿತ ದನಿ, ಮಂದ ಬೆಳಕು, ಬೆನ್ನಮೇಲೊಂದು ಕೈ ಇದ್ದರೆ ಹೆದರಿಕೆ ಇಳಿಯುತ್ತದೆ, ದೇಹ ತನ್ನ ಕೆಲಸ ಮಾಡಿಕೊಳ್ಳುತ್ತದೆ.

ದಿನ ತುಂಬುವ ಮೊದಲು

ಡೂಲಾ ಸಾಮಾನ್ಯವಾಗಿ ಏಳನೇ ತಿಂಗಳ ಹೊತ್ತಿಗೆ ಮನೆಗೆ ಬರುತ್ತಾರೆ, ಹೆರಿಗೆಗೆ ಮೊದಲು ಎರಡು ಮೂರು ಸಲ ಕೂತು ಮಾತಾಡುತ್ತಾರೆ. ನಿಮಗೆ ಯಾವುದರ ಭಯ? ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದು ಬೇಕೇ, ಬೇಡವೇ? ಒಳಗೆ ಯಾರಿರಬೇಕು? ಆಪರೇಷನ್ ಆಗಬೇಕಾಗಿ ಬಂದರೆ ಏನು ಮುಖ್ಯ? ಉತ್ತರಗಳನ್ನು ಒಂದು ಪುಟಕ್ಕೆ ಇಳಿಸಿ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆಯುತ್ತೀರಿ. ಉಸಿರಾಟ, ಕೂರುವ ನಿಲ್ಲುವ ಭಂಗಿಗಳು, ಬೆನ್ನು ಒತ್ತುವ ಬಗೆ, ಇವನ್ನು ಗಂಡನಿಗೂ ಅಮ್ಮನಿಗೂ ಆಗಲೇ ಕಲಿಸುತ್ತಾರೆ.

ಬೇನೆ ಶುರುವಾದಾಗ

ಶಂಕರ ಮಠದ ಹತ್ತಿರದ ಒಂದು ಮನೆ ಎಂದುಕೊಳ್ಳಿ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ರಾತ್ರಿ ಎರಡು ಗಂಟೆಗೆ ಸೊಂಟ ಹಿಡಿದುಕೊಂಡು ಎದ್ದಿದ್ದಾಳೆ. ಅಮ್ಮ ಚೀಲ ಎತ್ತಿಕೊಂಡು, “ನಡಿ, ಆಟೋ ಕರೆಸ್ತೀನಿ” ಎನ್ನುತ್ತಾರೆ. ಆಗ ಡೂಲಾಗೆ ಫೋನು ಹೋಗುತ್ತದೆ. ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ, ಎಷ್ಟು ಹೊತ್ತು ಇರುತ್ತಿದೆ, ಮಗು ಆಡುತ್ತಿದೆಯೇ, ನೀರು ಹೋಯಿತೇ ಎಂದು ಅವರು ಕೇಳುತ್ತಾರೆ.

ಚೊಚ್ಚಲಿಗೆ ಒಂದು ಸರಳ ಲೆಕ್ಕವಿದೆ. ಐದು ನಿಮಿಷಕ್ಕೊಮ್ಮೆ ಬರುವ, ಒಂದು ನಿಮಿಷ ಇರುವ ನೋವು ಒಂದು ಗಂಟೆ ಕಾಲ ಹಾಗೇ ಮುಂದುವರಿದರೆ ಆಸ್ಪತ್ರೆಗೆ ಹೊರಡಿ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ. ನೀರು ಹೋದರೆ, ಅದು ಹಸಿರಾಗಿದ್ದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ, ತಲೆನೋವು ಬಂದು ಕಣ್ಣು ಮಂಜಾದರೆ, ದಿನ ತುಂಬುವ ಮೊದಲೇ ಬೇನೆ ಬಂದರೆ ಯಾವ ಲೆಕ್ಕವೂ ಬೇಡ, ಕೂಡಲೇ ಹೊರಡಿ. ಡೂಲಾಗೆ ಕಾಯುತ್ತಾ ಕೂರಬೇಡಿ, ಅವರು ಆಸ್ಪತ್ರೆಗೇ ಬರುತ್ತಾರೆ.

ಇವು ಯಾವುವೂ ಇಲ್ಲದಿದ್ದರೆ ಮೊದಲ ಗಂಟೆಗಳು ಮನೆಯಲ್ಲೇ ಕಳೆಯಬಹುದು. ಗಂಜಿ, ಮಜ್ಜಿಗೆ, ಎಳನೀರು ಕುಡಿಯುವುದು. ಹಜಾರದಲ್ಲಿ ನಾಲ್ಕು ಹೆಜ್ಜೆ ಹಾಕುವುದು. ಬೆನ್ನಿಗೆ ಬಿಸಿನೀರು ಹುಯ್ದುಕೊಳ್ಳುವುದು. ನೋವಿನ ನಡುವೆ ಕಣ್ಣು ಮುಚ್ಚುವುದು.

ಲೇಬರ್ ವಾರ್ಡಿನ ಒಳಗೆ

ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಬೇನೆ ಜೋರು ಹಿಡಿಯುತ್ತದೆ. ಅಲ್ಲಿಂದ ಪೂರ್ತಿ 10 ಸೆಂಟಿಮೀಟರ್ ಆಗಲು ಚೊಚ್ಚಲಿಗೆ 12 ಗಂಟೆಯವರೆಗೂ, ನಂತರದ ಹೆರಿಗೆಗೆ 10 ಗಂಟೆಯವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕು ಎಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟಿದೆ. “ಇನ್ನೂ ಆರೇ ಸೆಂಟಿಮೀಟರಾ?” ಎಂದು ಕುಗ್ಗಿದವಳಿಗೆ ಈ ಒಂದು ಮಾಹಿತಿಯೇ ಎಷ್ಟೋ ಧೈರ್ಯ.

ಡೂಲಾರ ಕೈಗೆ ಪೂರ್ತಿ ಕೆಲಸ ಸಿಗುವುದು ಈಗ. ಮಗುವಿನ ತಲೆ ಬೆನ್ನುಮೂಳೆಗೆ ಒತ್ತಿ ನೋವೆಲ್ಲ ಹಿಂದೆ ಬರುತ್ತಿದ್ದರೆ, ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲೆ ಅಂಗೈ ಊರಿ, ನೋವು ಇರುವಷ್ಟು ಹೊತ್ತೂ ಬಲವಾಗಿ ಒತ್ತಿ ಹಿಡಿಯುತ್ತಾರೆ. ಎರಡೂ ಕಡೆಯಿಂದ ಸೊಂಟವನ್ನು ಅಮುಕುತ್ತಾರೆ. ಮಂಡಿಯೂರಿ ಮುಂದಕ್ಕೆ ಬಾಗುವುದು, ಪಕ್ಕಕ್ಕೆ ಮಲಗುವುದು, ದೊಡ್ಡ ಚೆಂಡಿನ ಮೇಲೆ ಕೂತು ತೂಗುವುದು, ಹೀಗೆ ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸುತ್ತಾರೆ. ಮೂತ್ರಕೋಶ ತುಂಬಿದ್ದರೆ ಮಗು ಇಳಿಯಲು ಅಡ್ಡಿಯಾದೀತೆಂದು ಆಗಾಗ ಎಬ್ಬಿಸಿ ಕರೆದೊಯ್ಯುತ್ತಾರೆ. ಆಸ್ಪತ್ರೆ ಒಪ್ಪಿದರೆ ಗುಟುಕು ಗುಟುಕಾಗಿ ನೀರು ಕುಡಿಸುತ್ತಾರೆ. ಪ್ರತಿ ನೋವಿಗೂ ತಾವೂ ನಿಧಾನವಾಗಿ ಉಸಿರು ಬಿಡುತ್ತಾರೆ. ಕೇಳಿಸಿಕೊಳ್ಳುವವಳ ಉಸಿರೂ ಹಾಗೇ ನಿಧಾನವಾಗುತ್ತದೆ.

ಎಂಟು ಸೆಂಟಿಮೀಟರ್ ದಾಟಿದ ಮೇಲೆ ಒಂದು ಗಳಿಗೆ ಬರುತ್ತದೆ. ಮೈ ನಡುಗುತ್ತದೆ, ವಾಂತಿ ಬರುತ್ತದೆ, “ನನ್ನ ಕೈಲಿ ಆಗಲ್ಲ, ಮನೆಗೆ ಹೋಗೋಣ” ಎಂದು ಅಳು ಬರುತ್ತದೆ. ಹೊರಗಿನವರಿಗೆ ಇದು ಸೋಲಿನಂತೆ ಕಾಣುತ್ತದೆ. ಎಷ್ಟೋ ಹೆರಿಗೆ ನೋಡಿದ ಡೂಲಾಗೆ ಮಗು ಹತ್ತಿರ ಬಂತೆಂಬ ಗುರುತು ಇದು. ಮುಖಕ್ಕೆ ಮುಖ ಕೊಟ್ಟು, “ಇಷ್ಟು ಹೊತ್ತೂ ನೀವೇ ಮಾಡಿದ್ದೀರಿ. ಈ ಒಂದು ನೋವು, ಇದನ್ನ ಮಾತ್ರ ನೋಡಿ” ಎನ್ನುತ್ತಾರೆ.

ಮುಕ್ಕುವ ಹೊತ್ತಿನಲ್ಲಿ ಸೂಚನೆ ಕೊಡುವವರು ಡಾಕ್ಟರು, ನರ್ಸು. ಡೂಲಾ ತಲೆಯ ಬಳಿ ನಿಂತು ಭುಜಕ್ಕೆ ಆಸರೆ ಕೊಡುತ್ತಾರೆ, ನೋವಿನ ನಡುವೆ ಮುಖ ಒರೆಸುತ್ತಾರೆ. ಮಗು ಬಂದ ಮೇಲೆ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸುವುದು, ಕನಿಷ್ಠ ಒಂದು ನಿಮಿಷ ಕಾದು ಬಳ್ಳಿ ಕತ್ತರಿಸುವುದು, ಒಂದು ಗಂಟೆಯೊಳಗೆ ಹಾಲೂಡಿಸುವುದು, ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳೇ. ಎಲ್ಲ ಸರಿಯಿದ್ದರೆ ಇವನ್ನು ಕೇಳಿ ಪಡೆಯಲು ಡೂಲಾ ನೆನಪಿಸುತ್ತಾರೆ.

ಡೂಲಾ ಮಾಡದ ಕೆಲಸಗಳು

ಒಳಪರೀಕ್ಷೆ, ಮಗುವಿನ ಎದೆಬಡಿತ ನೋಡುವುದು, ಔಷಧಿ ಕೊಡುವುದು ಡೂಲಾರ ಕೆಲಸವಲ್ಲ. ಡಾಕ್ಟರ ಜೊತೆ ನಿಮ್ಮ ಪರವಾಗಿ ವಾದಕ್ಕೂ ಇಳಿಯಬಾರದು. ಡ್ರಿಪ್ ಹಾಕಬೇಕು, ಆಪರೇಷನ್ ಆಗಬೇಕು ಎಂಬ ಮಾತು ಬಂದಾಗ, ತುರ್ತು ಇಲ್ಲದಿದ್ದರೆ, ನೀವೇ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಅವರು ಮೊದಲೇ ಹೇಳಿಕೊಟ್ಟಿರುತ್ತಾರೆ: ಇದು ಯಾಕೆ ಬೇಕು? ಈಗಲೇ ಬೇಕೇ, ಕಾಯಬಹುದೇ? ಕಾದರೆ ಏನು ಅಪಾಯ? ಬೇರೆ ದಾರಿ ಇದೆಯೇ?

ಸಿಸೇರಿಯನ್ ಆದರೆ ಡೂಲಾ ತಗೊಂಡದ್ದು ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಥಿಯೇಟರಿಗೆ ಹೋಗುವ ಮುಂಚೆ ಏನೇನು ನಡೆಯುತ್ತದೆಂದು ಹೇಳುವುದು, ಹೊರಗೆ ಕಾಯುವ ಅತ್ತೆ, ಮಾವ, ಅಪ್ಪನಿಗೆ ಸಮಾಧಾನ ಹೇಳುವುದು, ಹೊಲಿಗೆಗೆ ನೋವಾಗದಂತೆ ಮಗುವನ್ನು ಪಕ್ಕದಲ್ಲಿ ಹಿಡಿದು ಹಾಲೂಡಿಸಲು ಕಲಿಸುವುದು, ಇಷ್ಟೆಲ್ಲ ಕೆಲಸ ಆಗ ಇರುತ್ತದೆ. ಎಪಿಡ್ಯೂರಲ್ ತೆಗೆದುಕೊಂಡವಳಿಗೂ ಜೊತೆ ಬೇಕು. ಒಳ್ಳೆಯ ಡೂಲಾ ಯಾವ ಹೆರಿಗೆಗೂ ಅಂಕ ಕೊಡುವುದಿಲ್ಲ.

ಬಾಣಂತನದ ಮೊದಲ ವಾರ

ಹೆರಿಗೆಯಾದ ಮೇಲೆ ಡೂಲಾ ಒಂದೆರಡು ಸಲ ಮನೆಗೆ ಬರುತ್ತಾರೆ. ಎಣ್ಣೆ ನೀರು ಹಾಕುವವರ ಕೆಲಸ ಇವರದಲ್ಲ. ಮಗು ಎದೆಯನ್ನು ಸರಿಯಾಗಿ ಹಿಡಿಯುತ್ತಿದೆಯೇ, ತಾಯಿ ನಿದ್ದೆ ಮಾಡುತ್ತಿದ್ದಾಳೆಯೇ ಎಂದು ನೋಡುತ್ತಾರೆ. ನಮ್ಮ ಮನೆಗಳ ಮೆಂತ್ಯ, ಅಂಟಿನುಂಡೆ, ಬೆಚ್ಚನೆ ಕೋಣೆಗೆ ಅವರ ಅಡ್ಡಿಯಿಲ್ಲ. ಆದರೆ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಮಗುವಿಗೆ ಜೇನು ನೆಕ್ಕಿಸುವುದು, ಬಾಣಂತಿಗೆ ನೀರು ಕೊಡದಿರುವುದು, ಈ ಮೂರನ್ನು ಬಿಡಿಸಬೇಕು. ಅಜ್ಜಿಯ ಮನಸ್ಸು ನೋಯದಂತೆ ಇದನ್ನು ಹೇಳುವುದೂ ಒಂದು ವಿದ್ಯೆ. ತಾಯಿಯ ಮಂಕು, ಅಳು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು.

ಆರಿಸುವ ಮುನ್ನ

ಭಾರತದಲ್ಲಿ ಡೂಲಾಗಳಿಗೆ ಸರ್ಕಾರಿ ನೋಂದಣಿ, ಪರವಾನಗಿ ಇಲ್ಲ. ಡೋನಾ ಇಂಟರ್‌ನ್ಯಾಷನಲ್‌ನಂಥ ಖಾಸಗಿ ಸಂಸ್ಥೆಗಳು ತರಬೇತಿ ಕೊಟ್ಟು ಪ್ರಮಾಣಪತ್ರ ಕೊಡುತ್ತವೆ. ಆದ್ದರಿಂದ ವಿಚಾರಿಸಿಕೊಳ್ಳುವುದು ನಿಮ್ಮ ಹೊಣೆ:

- ಎಲ್ಲಿ ಕಲಿತಿರಿ, ಎಷ್ಟು ಹೆರಿಗೆಗಳಲ್ಲಿ ಜೊತೆಗಿದ್ದಿರಿ?
- ನಮ್ಮ ಹೆರಿಗೆಯ ದಿನ ನೀವು ಬೇರೆ ಕಡೆ ಇದ್ದರೆ ಬದಲಿಗೆ ಯಾರು ಬರುತ್ತಾರೆ?
- ನಡುರಾತ್ರಿ ಎಷ್ಟು ಹೊತ್ತಿಗೆ ತಲುಪುತ್ತೀರಿ?
- ಶುಲ್ಕದಲ್ಲಿ ಏನೇನು ಸೇರಿದೆ, ಆಪರೇಷನ್ ಆದರೆ ಹೇಗೆ?

ಈ ಪ್ರಶ್ನೆಗಳಷ್ಟೇ ಮುಖ್ಯವಾದದ್ದು ಆಸ್ಪತ್ರೆಯಲ್ಲಿ ಕೇಳುವುದು: ಡೂಲಾರನ್ನು ಒಳಗೆ ಬಿಡುತ್ತೀರಾ, ಗಂಡನ ಜೊತೆಗೋ ಗಂಡನ ಬದಲಿಗೋ? ಉತ್ತರ ಬರಹದಲ್ಲಿದ್ದರೆ ಒಳ್ಳೆಯದು. “ನಾರ್ಮಲ್ ಡೆಲಿವರಿ ಗ್ಯಾರಂಟಿ” ಎನ್ನುವವರನ್ನು, ಡಾಕ್ಟರೇ ಬೇಡ ಮನೆಯಲ್ಲೇ ಹೆರಿಗೆ ಮಾಡಿಸೋಣ ಎನ್ನುವ ಡೂಲಾಗಳನ್ನು ಬಾಗಿಲಲ್ಲೇ ಕಳಿಸಿಬಿಡಿ.

ಡೂಲಾ ತಗೊಳ್ಳಲು ಆಗದಿದ್ದರೆ

ಎಲ್ಲರ ಕೈಗೂ ಈ ಖರ್ಚು ಎಟುಕದು. ಅದಕ್ಕಾಗಿ ಈ ಕೆಲಸವೇ ಬಿಟ್ಟುಹೋಗಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಒಬ್ಬ ಜೊತೆಗಾರ್ತಿಯನ್ನು ಬಿಡಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ 2017ರ ‘ಲಕ್ಷ್ಯ’ ಯೋಜನೆಯೂ ಅದನ್ನು ಒತ್ತಿ ಹೇಳುತ್ತದೆ. ಜೊತೆಗಾರ್ತಿಗೆ ಷರತ್ತುಗಳು ಇಷ್ಟು: ತಾನೂ ಹೆತ್ತ ಅನುಭವವಿರುವ ಬಂಧು ಆದರೆ ಒಳ್ಳೆಯದು, ಸೋಂಕು ಇರಬಾರದು, ಶುದ್ಧ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಇರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಮರೆಯ ವ್ಯವಸ್ಥೆ ಇರುವಲ್ಲಿ ಗಂಡನಿಗೂ ಅವಕಾಶ ಕೊಡಬಹುದು.

ಅಕ್ಕ, ಅತ್ತಿಗೆ, ಚಿಕ್ಕಮ್ಮ, ಗಂಡ, ಯಾರಾದರೂ ಸರಿ. ಬೆನ್ನು ಒತ್ತುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ತಾಳ್ಮೆ ಇರಬೇಕು. ತಮ್ಮ ಹೆರಿಗೆಯ ಭಯಾನಕ ಕಥೆಗಳನ್ನು ಹೊರಗೇ ಬಿಟ್ಟು ಬರಬೇಕು. ಸೀಮಂತದ ದಿನ ಎರಡೂ ಕಡೆಯವರು ಒಂದೇ ಮನೆಯಲ್ಲಿ ಸೇರಿರುತ್ತೀರಿ. ಆರತಿ ಮುಗಿದ ಮೇಲೆ, ಊಟಕ್ಕೆ ಎಲೆ ಹಾಕುವ ಮೊದಲು, ಬಸುರಿಯನ್ನೇ ಕೇಳಿ: “ನಿನ್ನ ಪಕ್ಕದಲ್ಲಿ ಯಾರು ಕೂರಬೇಕಮ್ಮ?” ಅವಳು ಹೇಳಿದ ಹೆಸರನ್ನು ಎಲ್ಲರೂ ಒಪ್ಪಿಕೊಳ್ಳಿ.