ದುಡಿದು ಬರೆಯುವವರ ಕಸುವು

ನವಿ ಮುಂಬಯಿಯ ಕೋಪರಖೈರಣೆಯಲ್ಲಿದ್ದು ಕನ್ನಡದಲ್ಲಿ ಬರೆಯುವವರಿಗೆ ಬರವಣಿಗೆ ಎಂದರೆ ಎರಡನೆಯ ಪಾಳಿ. ಮೊದಲನೆಯದು ಹೋಟೆಲಿನ ಕೌಂಟರಿನಲ್ಲಿ, ಟಿಟಿಸಿ ಕೈಗಾರಿಕಾ ಪ್ರದೇಶದ ಕಂಪನಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಇಲ್ಲವೇ ಮನೆಯ ಅಡುಗೆಕೋಣೆಯಲ್ಲಿ ಮುಗಿದಿರುತ್ತದೆ. ಇವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಲಹೆಗಳು ಪ್ರೀತಿಯಿಂದಲೇ ಬಂದವು. ಆದರೂ ಅವುಗಳಲ್ಲಿ ಕೆಲವು ಮೈಯನ್ನು ಸೊರಗಿಸುತ್ತವೆ, ಬರಹವನ್ನೂ ಸೊರಗಿಸುತ್ತವೆ. ಮೊದಲ ಸಂಕಲನದಲ್ಲೇ ಭರವಸೆ ಹುಟ್ಟಿಸಿದವರು ದಣಿದು ಸುಮ್ಮನಾಗುವುದು ಕನ್ನಡಕ್ಕೆ ಆಗುವ ನಷ್ಟ. ಆ ಸಂಕಟದಿಂದ ಈ ಮಾತುಗಳು.

ತಪ್ಪು ಕಲ್ಪನೆ: ನಿದ್ದೆಗೆಟ್ಟರೆ ಬರೆಯಲು ಹೊತ್ತು ಸಿಗುತ್ತದೆ

ಹೊತ್ತು ಸಿಗುತ್ತದೆ, ಆದರೆ ಆ ಹೊತ್ತಿಗೆ ತಲೆ ಚುರುಕಾಗಿ ಉಳಿದಿರುವುದಿಲ್ಲ. ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ವಿಧಿಸಿರುವ ಮಿತಿ ಶೇ. 0.03. ಬೆಳಗಿನ ಐದೂವರೆಗೆ ಎದ್ದು ಠಾಣೆಯ ರೈಲುಗಾಡಿ ಹಿಡಿದವರಿಗೆ 17 ಗಂಟೆ ತುಂಬುವುದು ರಾತ್ರಿ ಹತ್ತೂವರೆಗೆ. ಊಟ ಮುಗಿಸಿ, ಪಾತ್ರೆ ಎತ್ತಿಟ್ಟು, ನಮ್ಮಲ್ಲಿ ಬಹಳ ಜನ ಪೆನ್ನು ಹಿಡಿಯುವುದೂ ಅದೇ ಹೊತ್ತಿಗೆ.

ಇದಕ್ಕಿಂತ ಕಳವಳದ ಸಂಗತಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಅಧ್ಯಯನದಲ್ಲಿದೆ. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನಶಕ್ತಿ, ಇಡೀ ರಾತ್ರಿ ಕಣ್ಣು ಮುಚ್ಚದವರಷ್ಟು ಕುಸಿದಿತ್ತು. ತಾವು ಕುಸಿದಿದ್ದೇವೆ ಎನ್ನುವುದು ಅವರಿಗೆ ಅಷ್ಟಾಗಿ ತಿಳಿದೇ ಇರಲಿಲ್ಲ. ಬರೆಯುವವರಿಗೆ ಇದು ದೊಡ್ಡ ಅಪಾಯ. ವಾಕ್ಯ ಜಾಳಾದರೆ ಅದು ಜಾಳಾಗಿದೆ ಎಂದು ಗುರುತಿಸುವ ಕಿವಿಯೂ ಜೊತೆಗೇ ಮಂದವಾಗಿರುತ್ತದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಎಂಬ ವೈದ್ಯರ ಮಾತನ್ನು ಬರವಣಿಗೆಯ ನಿಯಮವೆಂದೇ ಪಾಲಿಸಬೇಕು.

ತಪ್ಪು ಕಲ್ಪನೆ: ಬ್ರಾಹ್ಮೀ ಮುಹೂರ್ತದಲ್ಲಿ ಎದ್ದರೆ ಎಲ್ಲರಿಗೂ ಬರೆಯಲು ಬರುತ್ತದೆ

ಕೆಲವರಿಗೆ ಬರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದಾಗಲೇ ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು ಸಾಲು ಸಾಲಾಗಿ ಕಾದಂಬರಿ ಬರೆದರು. ಆದರೆ ರಾತ್ರಿ ಒಂದಕ್ಕೆ ಹೋಟೆಲಿನ ಷಟರ್ ಎಳೆದು, ಲೆಕ್ಕ ಮುಗಿಸಿ, ಎರಡಕ್ಕೆ ಮಲಗುವ ಮ್ಯಾನೇಜರರಿಗೆ ನಾಲ್ಕೂವರೆಗೆ ಏಳಿ ಎನ್ನುವುದು ಅವರ ಆರೋಗ್ಯಕ್ಕೆ ಮಾಡುವ ದ್ರೋಹ. ಅವರ ಬೆಳಗು ಶುರುವಾಗುವುದೇ ಹತ್ತಕ್ಕೆ. ವಾಶಿ-ತುರ್ಭೆಯ ಎಪಿಎಂಸಿ ಮಾರುಕಟ್ಟೆಯಲ್ಲಿ ತರಕಾರಿ ಲಾರಿಗಳ ಗದ್ದಲ ನಡುರಾತ್ರಿಯದು. ಕಾರ್ಖಾನೆಗಳಲ್ಲಿ ಪಾಳಿ ವಾರವಾರ ಬದಲಾಗುತ್ತದೆ. ಇದಲ್ಲದೆ, ಕೆಲವರ ಮೈ ಮುಂಜಾನೆಗೆ ಒಗ್ಗಿರುತ್ತದೆ, ಕೆಲವರದು ಸಂಜೆಗೆ. ಇದು ಒಂದು ಮಟ್ಟಿಗೆ ಹುಟ್ಟಿನಿಂದ ಬಂದದ್ದು, ವಯಸ್ಸಿನೊಂದಿಗೆ ಬದಲಾಗುವಂಥದ್ದು. ನೋಡಬೇಕಾದದ್ದು ಇಷ್ಟೇ: ಎದ್ದ ಮೇಲೆ ಎಷ್ಟು ಹೊತ್ತಿಗೆ ನಮ್ಮ ತಲೆ ತಿಳಿಯಾಗುತ್ತದೆ, ಆ ಗಂಟೆಯನ್ನು ಈಗ ಯಾರು ತಿನ್ನುತ್ತಿದ್ದಾರೆ?

ತಪ್ಪು ಕಲ್ಪನೆ: ಬರವಣಿಗೆ ಒಂದೇ ಕೆಲಸ, ಅದಕ್ಕೆ ಎರಡು ಗಂಟೆ ಬಿಡುವು ಬೇಕು

ಬಹುತೇಕ ದಣಿವಿನ ಮೂಲ ಇಲ್ಲಿದೆ. ಹೊಳೆದದ್ದನ್ನು ಗುರುತು ಹಾಕಿಕೊಳ್ಳುವುದು, ಮೊದಲ ಕರಡು, ತಿದ್ದುವುದು, ಟೈಪು ಮಾಡುವುದು, ಸಂಪಾದಕರಿಗೆ ಕಳಿಸುವುದು, ಇವೆಲ್ಲ ಬೇರೆಬೇರೆ ಕೆಲಸಗಳು. ಒಂದೊಂದು ಬೇಡುವ ಕಸುವೂ ಬೇರೆ. ತಿದ್ದುವುದಕ್ಕೆ ದಿನದ ಅತ್ಯಂತ ಚುರುಕಾದ ಹೊತ್ತು ಬೇಕು. ಟೈಪಿಂಗನ್ನು ಅರೆದಣಿವಿನಲ್ಲೂ ಮಾಡಬಹುದು. ಹೊಸ ಹೊಳಹಿಗಂತೂ ದಣಿವೇ ಒಮ್ಮೊಮ್ಮೆ ನೆರವಾಗುತ್ತದೆ. ಮರೀಕೆ ವೀತ್ ಮತ್ತು ರೋಸ್ ಝ್ಯಾಕ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಥಟ್ಟನೆ ಹೊಳೆಯಬೇಕಾದ ಒಗಟುಗಳನ್ನು ಜನ ತಮಗೆ ಒಗ್ಗದ ಹೊತ್ತಿನಲ್ಲೇ ಹೆಚ್ಚು ಬಿಡಿಸಿದ್ದರು. ಗಮನ ಸಡಿಲವಾದಾಗ ದೂರದ ಸಂಗತಿಗಳು ಹತ್ತಿರ ಬರುತ್ತವೆ ಎಂಬುದು ಅವರ ವಿವರಣೆ.

ಹಾಗಾಗಿ ಸಂಜೆಯ ಟ್ರಾನ್ಸ್ ಹಾರ್ಬರ್ ಮಾರ್ಗದ ಗಾಡಿಯಲ್ಲಿ, ಐರೋಲಿ, ರಬಾಳೆ, ಘಣಸೋಲಿ ದಾಟುವಷ್ಟರಲ್ಲಿ ಕಥೆಯ ಒಂದು ತಿರುವು ಹೊಳೆದರೆ ಅದು ಆಕಸ್ಮಿಕವಲ್ಲ. ಸರಳು ಹಿಡಿದು ನಿಂತ ಆ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಅಧ್ಯಾಯ ಬರೆಯಲು ಹೆಣಗುವುದು ಬೇಡ. ಮೊಬೈಲಿನಲ್ಲಿ ನಾಲ್ಕು ಮಾತು ದಾಖಲಿಸಿಕೊಂಡರೆ ಆ ಪಯಣದ ಋಣ ತೀರಿತು.

ತಪ್ಪು ಕಲ್ಪನೆ: ನೌಕರಿ ಬರವಣಿಗೆಯನ್ನು ಕೊಲ್ಲುತ್ತದೆ, ನಿವೃತ್ತಿಯಾದ ಮೇಲೆ ಬರೆಯೋಣ

ಮುಂಬಯಿ ಕನ್ನಡದ ಚರಿತ್ರೆಯೇ ಇದಕ್ಕೆ ಉತ್ತರ. ಯಶವಂತ ಚಿತ್ತಾಲರು ರಾಸಾಯನಿಕ ತಂತ್ರಜ್ಞಾನ ಓದಿ, ಬೇಕಲೈಟ್ ಹೈಲಂ ಕಂಪನಿಯಲ್ಲಿ ದೊಡ್ಡ ಹೊಣೆ ಹೊತ್ತಿದ್ದರು. 1979ರಲ್ಲಿ ಬಂದ ‘ಶಿಕಾರಿ’ ಅದೇ ವರ್ಷಗಳ ಫಲ, ಅದರ ನಾಗಪ್ಪ ಕಂಪನಿಯೊಂದರ ಒಳಜಗತ್ತಿನಲ್ಲಿ ಸಿಕ್ಕಿಬಿದ್ದವನು. ನೌಕರಿ ಅವರ ಸಾಹಿತ್ಯಕ್ಕೆ ಸರಕು ಒದಗಿಸಿತು. ಅವರ ಅಣ್ಣ ಗಂಗಾಧರ ಚಿತ್ತಾಲರು ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದುಕೊಂಡೇ ಕವಿತೆ ಬರೆದರು. ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರ ಓದಿ ಈ ನಗರದ ಔಷಧ ಉದ್ಯಮದಲ್ಲಿ ದುಡಿಯುತ್ತಲೇ ಕಥೆ ಕಟ್ಟಿದರು. ಹೋಟೆಲು ಮಾಣಿಗಳಾಗಿ ಹಗಲೆಲ್ಲ ನಿಂತು ದುಡಿದ ಹುಡುಗರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತದ್ದೂ ಇದೇ ಚರಿತ್ರೆಯ ಪುಟ.

ನೌಕರಿಯ ನಡುವೆ ಏನನ್ನು ಬರೆಯಬೇಕು ಎಂಬುದಕ್ಕೆ ಮಾಸ್ತಿಯವರನ್ನು ನೋಡಿ. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ಸುತ್ತುತ್ತಿದ್ದ ವರ್ಷಗಳಲ್ಲಿ ಅವರು ಸಣ್ಣಕತೆಗಳನ್ನು ಬರೆದರು. ‘ಚಿಕವೀರ ರಾಜೇಂದ್ರ’ದಂಥ ದೊಡ್ಡ ಕಾದಂಬರಿ ಬಂದದ್ದು ಕೆಲಸ ಬಿಟ್ಟ ಬಳಿಕ, 1956ರಲ್ಲಿ. ಬಿಡುವಿಗೆ ತಕ್ಕ ಪ್ರಕಾರವನ್ನು ಹಿಡಿಯುವುದರಲ್ಲಿ ಕೀಳರಿಮೆ ಬೇಕಿಲ್ಲ.

ತಪ್ಪು ಕಲ್ಪನೆ: ಕಟಿಂಗ್ ಚಹಾ ಕಸುವು ಕೊಡುತ್ತದೆ

ಮೆದುಳಿಗೆ ದಣಿವನ್ನು ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕದ ದಾರಿಯನ್ನು ಕೆಫೀನ್ ಅಡ್ಡಗಟ್ಟುತ್ತದೆ, ಅಷ್ಟೆ. ದಣಿವು ಒಳಗೇ ಇರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಚಹಾ ಯಾರೂ ಬಿಡಬೇಕಿಲ್ಲ, ಸಂಜೆ ಆರರ ನಂತರದ ಎರಡು ಮೂರು ಕಟಿಂಗುಗಳನ್ನು ಬಿಟ್ಟರೆ ಸಾಕು.

ತಪ್ಪು ಕಲ್ಪನೆ: ಸಭೆ ಸಮಾರಂಭಗಳಿಗೆ ಹೋಗುತ್ತಿದ್ದರೆ ಬರೆಯುವ ಹುರುಪು ಬರುತ್ತದೆ

ಇದನ್ನು ಹೇಳುವುದು ಕಷ್ಟ, ಏಕೆಂದರೆ ಈ ಸಭೆಗಳೇ ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿದವು. 1926ರಿಂದ ಇರುವ ಮಾಟುಂಗದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಡೊಂಬಿವಲಿಯ ಸಂಘ, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವುಗಳಿಲ್ಲದೆ ಮುಂಬಯಿಯಲ್ಲಿ ಕನ್ನಡ ಬರಹಗಾರನಿಗೆ ಓದುಗನೇ ಸಿಗುತ್ತಿರಲಿಲ್ಲ. ಆದರೂ ಲೆಕ್ಕ ಹಾಕಲೇಬೇಕು. ಕೋಪರಖೈರಣೆಯಿಂದ ಡೊಂಬಿವಲಿಗೆ ಹೋಗಲು ಠಾಣೆಯಲ್ಲಿ ಗಾಡಿ ಬದಲಿಸಬೇಕು, ಮಾಟುಂಗಕ್ಕೂ ಒಂದೇ ಗಾಡಿಯ ದಾರಿಯಿಲ್ಲ. ಕಾರ್ಯಕ್ರಮಗಳಿರುವುದು ಭಾನುವಾರ, ರೈಲು ಮಾರ್ಗದ ದುರಸ್ತಿಯ ಮೆಗಾ ಬ್ಲಾಕ್ ಇರುವುದೂ ಭಾನುವಾರ. ಒಂದು ಪುಸ್ತಕ ಬಿಡುಗಡೆ, ಒಂದು ಸನ್ಮಾನ, ಎರಡು ಸ್ಮರಣ ಸಂಚಿಕೆಗೆ ಲೇಖನದ ಬೇಡಿಕೆ: ತಿಂಗಳು ಮುಗಿಯಿತು. ಆರು ದಿನ ದುಡಿದವರಿಗೆ ತಿದ್ದಲು ಸಿಗಬಹುದಾದ ಏಕೈಕ ತಿಳಿ ಬೆಳಗು ಪ್ಲಾಟ್‌ಫಾರ್ಮಿನಲ್ಲಿ ಕಳೆಯಿತು.

ಸಂಘಟಕರೂ ಇದನ್ನು ಅರಿಯಬೇಕು. ಬರೆಯುವವರು “ಈ ಸಲ ಬರಲಾಗದು, ಮನ್ನಿಸಿ” ಎಂದರೆ ಅದನ್ನು ಅಹಂಕಾರ ಎಂದುಕೊಳ್ಳಬಾರದು. ತಿಂಗಳಿಗೆ ಒಂದು ಸಭೆ, ಅದಕ್ಕೆ ಪೂರ್ಣ ಮನಸ್ಸು. ಉಳಿದ ಭಾನುವಾರಗಳು ಹಸ್ತಪ್ರತಿಗೆ. ನನಗೆ ನ್ಯಾಯವೆಂದು ತೋರುವ ಹಂಚಿಕೆ ಇದು.

ತಪ್ಪು ಕಲ್ಪನೆ: ಮನೆಯಲ್ಲಿರುವ ಹೆಂಗಸರಿಗೆ ಬರೆಯಲು ಬೇಕಾದಷ್ಟು ಹೊತ್ತಿದೆ

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಉಳಿದ ಹೊತ್ತೂ ಚೂರುಚೂರು. ಕುಕ್ಕರಿನ ಸೀಟಿ, ಬಾಗಿಲ ಗಂಟೆ, ಅತ್ತೆಯ ಮಾತ್ರೆ, ಮಗುವಿನ ಟ್ಯೂಶನ್. ಅರ್ಧಕ್ಕೆ ಬಿಟ್ಟ ಕೆಲಸದ ಮೇಲೆಯೇ ಗಮನದ ಒಂದಂಶ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಕಡಿದು ಕಡಿದು ಸಿಕ್ಕ ಎರಡು ಗಂಟೆ, ಕದಲದೆ ಸಿಕ್ಕ ನಲವತ್ತು ನಿಮಿಷಕ್ಕೆ ಸಮವಾಗದು. ‘ಸೃಜನಾ’ದಂಥ ಲೇಖಕಿಯರ ಬಳಗ ಮುಂಬಯಿಯಲ್ಲಿ ಬೇಕಾದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಆ ನಲವತ್ತು ನಿಮಿಷ ಒಲೆಯ ಮುಂದೆ ನಿಲ್ಲಬೇಕಾದವರು ಮನೆಯ ಉಳಿದ ಮಂದಿ.

ತಪ್ಪು ಕಲ್ಪನೆ: ಬರೆಯಲಾಗದಿದ್ದರೆ ಅದು ಸೋಮಾರಿತನ, ಇಲ್ಲವೇ ಪ್ರತಿಭೆ ಬತ್ತಿದ್ದು

ವಾರಗಟ್ಟಲೆ ಚೆನ್ನಾಗಿ ಮಲಗಿದ ಮೇಲೂ ದಣಿವು ಬಿಡದಿದ್ದರೆ ತನ್ನನ್ನು ಹಳಿದುಕೊಳ್ಳುವುದು ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, 15ರಿಂದ 49ರ ಹರೆಯದ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ, ಈ ನಾಲ್ಕನ್ನು ಮೊದಲು ನೋಡಿಸಿಕೊಳ್ಳಿ. ಜೋರಾಗಿ ಗೊರಕೆ ಹೊಡೆದು, ನಿದ್ದೆಯಲ್ಲಿ ಉಸಿರು ಕಟ್ಟಿ ಬೆಚ್ಚಿ ಏಳುವವರು ಅದನ್ನೂ ವೈದ್ಯರಿಗೆ ಬಿಡಿಸಿ ಹೇಳಬೇಕು. ಮೊದಲು ಇಷ್ಟವಾಗುತ್ತಿದ್ದ ಓದು, ಹಾಡು, ಗೆಳೆಯರು ಯಾವುದೂ ಬೇಡವೆನಿಸಿ ಎರಡು ವಾರ ದಾಟಿದ್ದರೆ ಮನೋವೈದ್ಯರ ಬಳಿ ಹೋಗಲು ತಡಮಾಡಬಾರದು. ಔಷಧ ಶುರುವಾದ ಮೇಲೂ ಕಸುವು ಮರಳಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ಒಪ್ಪಿಕೊಂಡ ಲೇಖನಗಳ ಗಡುವನ್ನು ಮುಂದೂಡುವಂತೆ ಸಂಪಾದಕರನ್ನು ಕೇಳಿಕೊಳ್ಳಬಹುದು.