ಕ್ರೀಡಾ ಸಂಸ್ಥೆಗಳ ಮೌನಕ್ಕೆ ಹೊಣೆ ಯಾರು?

2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತವರು ಅನಾಮಧೇಯರೇನಲ್ಲ. ಸಾಕ್ಷಿ ಮಲಿಕ್ ಮತ್ತು ಬಜರಂಗ್ ಪುನಿಯಾ ಒಲಿಂಪಿಕ್ ಪದಕ ವಿಜೇತರು. ವಿನೇಶ್ ಫೋಗಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಬಾರಿ ಪದಕ ಪಡೆದವರು. ಭಾರತೀಯ ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರು ಮಹಿಳಾ ಕುಸ್ತಿಪಟುಗಳಿಗೆ ಲೈಂಗಿಕ ಕಿರುಕುಳ ನೀಡಿದ್ದಾರೆಂಬುದು ಅವರ ಆರೋಪವಾಗಿತ್ತು. ಅಧ್ಯಕ್ಷರು ಅದನ್ನು ನಿರಾಕರಿಸಿದರು. ಪೊಲೀಸರು ಎಫ್‌ಐಆರ್ ದಾಖಲಿಸಿದ್ದು ಏಪ್ರಿಲ್ 28ರಂದು, ಅದೂ ದೂರುದಾರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ. 2024ರ ಮೇ ತಿಂಗಳಲ್ಲಿ ದೆಹಲಿಯ ನ್ಯಾಯಾಲಯ ದೋಷಾರೋಪ ನಿಗದಿಪಡಿಸಿತು. ಪ್ರತ್ಯೇಕವಾಗಿದ್ದ ಪೋಕ್ಸೊ ಪ್ರಕರಣವನ್ನು 2025ರ ಮೇ ತಿಂಗಳಲ್ಲಿ ಮುಕ್ತಾಯಗೊಳಿಸಲಾಯಿತು. ಯಾರು ತಪ್ಪಿತಸ್ಥರು ಎಂಬುದನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯವೇ ಹೊರತು ಪತ್ರಿಕೆಯ ಅಂಕಣವಲ್ಲ. ನಾಗರಿಕರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇಷ್ಟೊಂದು ಖ್ಯಾತಿ ಉಳ್ಳವರಿಗೂ ದೂರು ಹೇಳಿಕೊಳ್ಳಲು ಬೀದಿಯೇ ಗತಿಯಾದದ್ದು ಏಕೆ?

ಸರ್ಕಾರ ಮೇರಿ ಕೋಮ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯೇ ಉತ್ತರದ ಒಂದು ಭಾಗವನ್ನು ನೀಡಿತು. ಕುಸ್ತಿ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ರಚಿತವಾದ ಆಂತರಿಕ ದೂರು ಸಮಿತಿಯೇ ಇರಲಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆ ಜಾರಿಗೆ ಬಂದದ್ದು 2013ರಲ್ಲಿ. 'ಕೆಲಸದ ಸ್ಥಳ' ಎಂಬ ಪದದ ವ್ಯಾಖ್ಯೆಯಲ್ಲಿ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆಯ ತಾಣಗಳನ್ನು ಅದು ಸ್ಪಷ್ಟವಾಗಿ ಸೇರಿಸಿದೆ. ಹೀಗಿದ್ದರೂ 30 ರಾಷ್ಟ್ರೀಯ ಒಕ್ಕೂಟಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ನಿಯಮದಂತೆ ಸಮಿತಿ ಇಲ್ಲವೆಂಬ ಪತ್ರಿಕಾ ವರದಿಯನ್ನು ಆಧರಿಸಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2023ರ ಮೇ ತಿಂಗಳಲ್ಲಿ ನೋಟಿಸ್ ನೀಡಬೇಕಾಯಿತು. ಕಾನೂನು ಬಂದು ಹತ್ತು ವರ್ಷಗಳಾಗಿದ್ದವು!

ಇದನ್ನು ಕೇವಲ ಆಡಳಿತದ ಆಲಸ್ಯವೆಂದು ಬಗೆಯುವಂತಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಸಂಸ್ಥೆಯೊಂದು ಹದಗೆಟ್ಟಾಗ ಅದರ ಸದಸ್ಯರ ಮುಂದೆ ಇರುವ ಮಾರ್ಗಗಳು ಮುಖ್ಯವಾಗಿ ಎರಡು ಎಂದರು: ಹೊರನಡೆಯುವುದು ಅಥವಾ ದನಿ ಎತ್ತುವುದು. ಅಂಗಡಿಯವನು ಮೋಸ ಮಾಡಿದರೆ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ. ಕುಸ್ತಿಪಟುವಿಗೆ ಪಕ್ಕದ ಅಂಗಡಿ ಎಂಬುದಿಲ್ಲ. ಒಂದು ಕ್ರೀಡೆಗೆ ಮಾನ್ಯತೆ ಪಡೆದ ಒಕ್ಕೂಟ ಒಂದೇ. ಆಯ್ಕೆ, ತರಬೇತಿ ಶಿಬಿರ, ವಿದೇಶ ಪ್ರವಾಸ ಎಲ್ಲವೂ ಅದರ ಕೈಯಲ್ಲಿ. ಹೊರನಡೆದರೆ ಆಟವೇ ಮುಗಿಯಿತು. ದನಿ ಎತ್ತಿದರೆ ಮುಂದಿನ ತಂಡದ ಪಟ್ಟಿಯಲ್ಲಿ ಹೆಸರು ಇರಲಾರದೆಂಬ ಭಯ. ಈ ಏಕಸ್ವಾಮ್ಯವೇ ಮೌನದ ಮೂಲ. ಆದ್ದರಿಂದ ದೂರು ನೀಡುವ ಸುರಕ್ಷಿತ ದಾರಿಯನ್ನು ನಿರ್ಮಿಸುವ ಹೊಣೆ ಆಟಗಾರರದಲ್ಲ, ಅಧಿಕಾರ ಹಿಡಿದವರದು.

ನಾಯಕತ್ವ ಆ ಹೊಣೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಯ ಕಥೆ ಸಾಕು. ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ಬಾಲಕಿಯರ ಮೇಲೆ ದೌರ್ಜನ್ಯ ಎಸಗುತ್ತಿದ್ದ ಸಂಗತಿ ಸಂಸ್ಥೆಯ ಮುಖ್ಯಸ್ಥರಿಗೆ 2015ರ ಬೇಸಿಗೆಯಲ್ಲೇ ತಿಳಿದಿತ್ತು. ತನಿಖಾ ಸಂಸ್ಥೆ ಎಫ್‌ಬಿಐಗೆ ಮಾಹಿತಿ ಹೋದರೂ ಅದು ನಿದ್ರಿಸಿತು. ಕ್ರೀಡಾಪಟುಗಳಿಗಾಗಲಿ ಪೋಷಕರಿಗಾಗಲಿ ಯಾರೂ ಎಚ್ಚರಿಕೆ ನೀಡಲಿಲ್ಲ. 2016ರಲ್ಲಿ ಇಂಡಿಯಾನಾಪೊಲಿಸ್‌ನ ಪತ್ರಿಕೆಯೊಂದು ಸುದ್ದಿ ಬಯಲಿಗೆಳೆಯುವವರೆಗೂ ಆತ ಇನ್ನೊಂದೆಡೆ ರೋಗಿಗಳನ್ನು ನೋಡುತ್ತಲೇ ಇದ್ದ. ಆ ಅವಧಿಯೊಂದರಲ್ಲೇ ಸುಮಾರು 70 ಮಂದಿ ಬಲಿಯಾದರೆಂದು ಅಲ್ಲಿನ ನ್ಯಾಯ ಇಲಾಖೆಯ ಮಹಾ ತಪಾಸಕರ 2021ರ ವರದಿ ಹೇಳುತ್ತದೆ. 2018ರಲ್ಲಿ ಆತನಿಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ ವರ್ಷ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 50 ಕೋಟಿ ಡಾಲರ್, ಜಿಮ್ನಾಸ್ಟಿಕ್ಸ್ ಮತ್ತು ಒಲಿಂಪಿಕ್ ಸಂಸ್ಥೆಗಳು 38 ಕೋಟಿ, ಸರ್ಕಾರ ಸುಮಾರು 13.9 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಒಟ್ಟು ನೂರು ಕೋಟಿ ಡಾಲರ್ ಮೀರಿತು. ಸಂಸ್ಥೆಯ ಮರ್ಯಾದೆ ಕಾಪಾಡಲೆಂದು ಮುಚ್ಚಿಟ್ಟದ್ದು ಹಣವನ್ನೂ ಮರ್ಯಾದೆಯನ್ನೂ ಒಟ್ಟಿಗೆ ನುಂಗಿತು. ಕಳೆದುಹೋದ ಬಾಲ್ಯಗಳಿಗೆ ಯಾವ ಲೆಕ್ಕವೂ ಇಲ್ಲ.

ನಮ್ಮಲ್ಲಿ ಕಾನೂನಿನ ಕೊರತೆ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಪೊಲೀಸರಿಗೆ ತಿಳಿಸದಿರುವುದೇ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ತನ್ನ ಅಧೀನದವನ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2013ರ ಕಾಯ್ದೆಯಲ್ಲಿ ಬಹುತೇಕರು ಗಮನಿಸದ ಒಂದು ಅವಕಾಶವಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯಾದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ನಾಲ್ಕಾರು ಜನ ನಡೆಸುವ ಜಿಲ್ಲಾ ಕ್ರೀಡಾ ಸಂಸ್ಥೆಗಳಿಗೂ ಖಾಸಗಿ ಅಕಾಡೆಮಿಗಳಿಗೂ ಇದು ಅನ್ವಯವಾಗುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಸುರಕ್ಷಿತ ಕ್ರೀಡಾ ನೀತಿ, ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಸ್ಥಾನ, ವಿವಾದ ಪರಿಹಾರಕ್ಕೆ ನ್ಯಾಯಮಂಡಳಿ ಮುಂತಾದ ಅಂಶಗಳಿವೆ. ಆದರೆ ಕಾಗದದ ಮೇಲಿನ ನೀತಿ ಕಪಾಟು ಸೇರುವುದನ್ನು ಸರ್ಕಾರಿ ಕಚೇರಿಗಳಲ್ಲಿ ದುಡಿದ ಯಾರೂ ಬಲ್ಲರು.

ಹಾಗಾಗದಂತೆ ತಡೆಯಲು ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳನ್ನೇ ವೈಯಕ್ತಿಕವಾಗಿ ಹೊಣೆಗಾರರನ್ನಾಗಿಸಬೇಕು. ಬಂದ ದೂರುಗಳೆಷ್ಟು, ಇತ್ಯರ್ಥವಾದವೆಷ್ಟು ಎಂಬ ವಾರ್ಷಿಕ ವಿವರಣೆಗೆ ಅವರೇ ಸಹಿ ಹಾಕಬೇಕು. ಅದಿಲ್ಲದೆ ಅನುದಾನ ಬಿಡುಗಡೆಯಾಗಬಾರದು. ಆಯ್ಕೆ ಸಮಿತಿಯವರು ದೂರು ಸಮಿತಿಯಲ್ಲಿ ಇರಕೂಡದು. ಹುಡುಗಿಯರ ತಂಡದ ಪ್ರವಾಸದಲ್ಲಿ ಮಹಿಳಾ ಮೇಲ್ವಿಚಾರಕಿ ಕಡ್ಡಾಯವಾಗಿ ಇರಬೇಕು. ತರಬೇತುದಾರರನ್ನು ನೇಮಿಸುವ ಮುನ್ನ ಹಿಂದಿನ ಸಂಸ್ಥೆಯಿಂದ ಲಿಖಿತ ಅಭಿಪ್ರಾಯ ಪಡೆಯಬೇಕು. ಒಂದೆಡೆ ತಪ್ಪು ಮಾಡಿದವನು ಇನ್ನೊಂದೆಡೆ ಕೆಲಸ ಗಿಟ್ಟಿಸುವುದು ಆಗ ಕಷ್ಟವಾಗುತ್ತದೆ.

ಸುಳ್ಳು ದೂರುಗಳಿಂದ ಪ್ರಾಮಾಣಿಕ ತರಬೇತುದಾರರು ಬಲಿಯಾಗುವರೆಂಬ ಆತಂಕವನ್ನು ಅಲ್ಲಗಳೆಯುವಂತಿಲ್ಲ. ದುರುದ್ದೇಶದ ದೂರಿನ ವಿರುದ್ಧ ಕ್ರಮಕ್ಕೆ 2013ರ ಕಾಯ್ದೆಯೇ ಅವಕಾಶ ಕಲ್ಪಿಸಿದೆ. ಸಾಬೀತಾಗದ ದೂರೆಲ್ಲ ಸುಳ್ಳಲ್ಲವೆಂದೂ ಅದು ಹೇಳುತ್ತದೆ. ನಿಯಮಬದ್ಧ ವಿಚಾರಣೆ ನಿರಪರಾಧಿಗೂ ರಕ್ಷಣೆಯೇ. ಅದಿಲ್ಲದಾಗ ಉಳಿಯುವುದು ಗುಸುಗುಸು ಮತ್ತು ಬೀದಿ ಹೋರಾಟ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ನಮ್ಮ ರಾಜ್ಯದ ಕ್ರೀಡಾ ವಸತಿ ನಿಲಯಗಳಲ್ಲಿಯೂ ಅಕಾಡೆಮಿಗಳಲ್ಲಿಯೂ ಹೆತ್ತವರಿಂದ ದೂರವಿದ್ದು ಅಭ್ಯಾಸ ಮಾಡುವ ಮಕ್ಕಳಿದ್ದಾರೆ. ಮಗಳನ್ನೋ ಮಗನನ್ನೋ ಸೇರಿಸಲು ಹೋದ ಪೋಷಕರು ಶುಲ್ಕ ಮತ್ತು ಸೌಲಭ್ಯಗಳನ್ನು ವಿಚಾರಿಸುವಾಗಲೇ, ದೂರು ಸಮಿತಿಯ ಸದಸ್ಯರು ಯಾರು, ಅವರ ದೂರವಾಣಿ ಸಂಖ್ಯೆಯನ್ನು ಎಲ್ಲಿ ಬರೆದು ಹಾಕಿದ್ದೀರಿ ಎಂದೂ ಕೇಳಲಿ. ತೃಪ್ತಿಕರ ಉತ್ತರ ಸಿಗದಿದ್ದರೆ ಮಕ್ಕಳನ್ನು ಅಲ್ಲಿ ಬಿಟ್ಟು ಬರುವ ಮುನ್ನ ಮತ್ತೊಮ್ಮೆ ಯೋಚಿಸಲಿ.